ಲಂಡನ್–ಪ್ಯಾರಿಸ್: ಹೊತ್ತಿನ ಲೆಕ್ಕ

ಲಂಡನ್ನಿನಿಂದ ಪ್ಯಾರಿಸ್ಸಿಗೆ ನೇರ ಗೆರೆ ಎಳೆದರೆ ಸುಮಾರು 344 ಕಿಲೋಮೀಟರ್. ಒಂದು ಶತಮಾನ ಕಳೆದರೂ ಈ ಗೆರೆ ಬದಲಾಗಿಲ್ಲ. ಅದನ್ನು ದಾಟಲು ಹಿಡಿಯುವ ಹೊತ್ತಿನ ಕಥೆ ಮಾತ್ರ ಹೇಳಿಕೊಳ್ಳುವಷ್ಟು ನೇರವಾಗಿಲ್ಲ.

1919ರ ಆಗಸ್ಟ್ 25ರಂದು ಲಂಡನ್ನಿನ ಹೌನ್ಸ್ಲೋ ಹೀತ್ ಬಯಲಿನಿಂದ ಎದ್ದ ವಿಮಾನದಲ್ಲಿ ಇದ್ದ ಪ್ರಯಾಣಿಕ ಒಬ್ಬನೇ, ಅವನೂ ಪತ್ರಕರ್ತ. ಜೊತೆಗೆ ಪತ್ರಿಕೆಗಳ ಕಟ್ಟು, ಚರ್ಮ, ಬೇಟೆಯ ಹಕ್ಕಿಗಳು, ಡೆವನ್‌ಷೈರಿನ ಕೆನೆಯ ಜಾಡಿಗಳು. ಸುಮಾರು ಎರಡೂವರೆ ಗಂಟೆಯಲ್ಲಿ ವಿಮಾನ ಪ್ಯಾರಿಸ್ಸಿನ ಲ ಬೂರ್ಜೆ ತಲುಪಿತು. ಎರಡು ದೇಶಗಳ ನಡುವಿನ ದಿನನಿತ್ಯದ ವಿಮಾನ ಸಂಚಾರ ಶುರುವಾದದ್ದು ಹೀಗೆ. ಟಿಕೆಟ್ಟು 21 ಪೌಂಡು, ಉಳ್ಳವರ ಮಾತಷ್ಟೇ.

ಆಗಿನ ಪೈಲಟ್‌ಗಳಿಗೆ ರಸ್ತೆ, ರೈಲು ಹಳಿಗಳೇ ದಿಕ್ಸೂಚಿ. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿಯ ಮಂಜಿನಲ್ಲಿ ಎದುರುಬದುರಾಗಿ ಬಂದ ಎರಡು ವಿಮಾನಗಳು ಒಂದೇ ರಸ್ತೆಯ ಮೇಲೆ ಹಾರುತ್ತಾ ಢಿಕ್ಕಿ ಹೊಡೆದವು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲೂ ಬಲಬದಿಯಲ್ಲೇ ಹೋಗಬೇಕು ಎಂಬ ಕಟ್ಟಳೆ ಬಂದದ್ದು ಆಮೇಲೆ. ಇಂಥ ಬುದ್ಧಿ ನಮಗೆ ಯಾವಾಗಲೂ ಹೆಣ ಬಿದ್ದ ಮೇಲೆಯೇ ಬರುತ್ತದೆ.

ಜೆಟ್ ಬಂದಿತು, ಹಾರಾಟ ಒಂದು ಗಂಟೆಯ ಒಳಗೆ ಇಳಿಯಿತು. ವೇಳಾಪಟ್ಟಿ ತೋರಿಸುವುದು ಒಂದೂಕಾಲು ಗಂಟೆಯ ಆಸುಪಾಸು. ರನ್‌ವೇಗೆ ಸರತಿ ಕಾಯುವುದೂ ಅದರಲ್ಲೇ ಸೇರಿದೆ. (ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಹೋಗುವಾಗ ಎರಡು ಗಂಟೆ ದಾಟಿದಂತೆಯೂ ಬರುವಾಗ ಕಾಲು ಗಂಟೆಯೇ ಆದಂತೆಯೂ ಕಾಣುತ್ತದೆ. ಟಿಕೆಟ್ಟು ನೋಡಿ ತಬ್ಬಿಬ್ಬಾಗಬೇಡಿ.) ಆದರೆ ಹೀಥ್ರೂ, ಷಾರ್ಲ್ ದ ಗಾಲ್ ವಿಮಾನ ನಿಲ್ದಾಣಗಳೆರಡೂ ಊರಿನ ನಡುಮಧ್ಯದಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ. ಅಲ್ಲಿಗೆ ಹೋಗುವುದು, ತಪಾಸಣೆ, ಕಾಯುವುದು, ಇಳಿದ ಮೇಲೆ ಊರು ಸೇರುವುದು ಎಲ್ಲ ಕೂಡಿಸಿದರೆ ನಾಲ್ಕು ಗಂಟೆ ಎಲ್ಲೂ ಹೋಗದು. ಜೆಟ್ ಆಕಾಶದಲ್ಲಿ ಗಳಿಸಿದ್ದನ್ನು ನೆಲ ತಿಂದುಹಾಕಿತು.

ಈ ಜಾಗಕ್ಕೇ ರೈಲು ನುಗ್ಗಿದ್ದು. 1994ರ ನವೆಂಬರಿನಲ್ಲಿ ಕಡಲಡಿಯ ಸುರಂಗದ ಮೂಲಕ ಯೂರೋಸ್ಟಾರ್ ಹೊರಟಾಗ ಮೂರು ಗಂಟೆ ಬೇಕಿತ್ತು. ಫ್ರಾನ್ಸಿನಲ್ಲಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿ ಇಂಗ್ಲೆಂಡಿನಲ್ಲಿ ಲೋಕಲ್ ರೈಲುಗಳ ಹಳೇ ಹಳಿಯ ಮೇಲೆ ಕುಂಟುತ್ತಿತ್ತು. 2007ರ ನವೆಂಬರಿನಲ್ಲಿ ಹೊಸ ಹಳಿ ಲಂಡನ್ನಿನ ಸೇಂಟ್ ಪಾಂಕ್ರಸ್‌ವರೆಗೆ ಮುಗಿದ ಮೇಲೆ ಅದು 2 ಗಂಟೆ 15 ನಿಮಿಷಕ್ಕೆ ಇಳಿಯಿತು. ಊರ ನಡುವಿನಿಂದ ಊರ ನಡುವಿಗೆ! ಈ ದಾರಿಯಲ್ಲಿ ಪ್ರಯಾಣಿಕನ ಕೈಗೆ ನಿಜವಾಗಿ ಸಿಕ್ಕ ಉಳಿತಾಯ ಅದೊಂದೇ ಎಂದು ನನ್ನ ಎಣಿಕೆ.

ಅಲ್ಲಿಂದಾಚೆಗೆ ವೇಳಾಪಟ್ಟಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ; ಬೆಳೆದದ್ದು ಗಡಿಯ ತಪಾಸಣೆ. ಯುರೋಪ್ ಟೂರ್‌ಗೆ ಹೊರಟ ನಮ್ಮ ಕನ್ನಡಿಗರಿಗಂತೂ ಬ್ರಿಟನ್ನಿಗೊಂದು, ಷೆಂಗೆನ್ನಿಗೊಂದು ವೀಸಾ ಮೊದಲಿನಿಂದಲೂ ಬೇಕೇ ಬೇಕು. ಬ್ರೆಕ್ಸಿಟ್ ನಂತರ ಇಂಗ್ಲಿಷರೂ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳುವ ಸಾಲಿಗೆ ಬಂದರು. ಎರಡೂಕಾಲು ಗಂಟೆಯ ರೈಲಿಗೆ ಈಗ ಒಂದು ಗಂಟೆಗೂ ಮೊದಲೇ ಬನ್ನಿ ಎನ್ನುತ್ತಾರೆ.