ಟೈರ್ ಅಲ್ಲ ಸ್ವಾಮಿ, ತಗಡು!

ಒಂದು ಸಣ್ಣ ಪ್ರಶ್ನೆ. ಸಿಡಿಲು ಹೊಡೆಯುವಾಗ ಕಾರಿನೊಳಗೆ ಕೂತವರು ಸುರಕ್ಷಿತ ಅಂತಾರಲ್ಲ, ಯಾಕೆ?

"ಟೈರು ರಬ್ಬರಿನದು, ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ". ನಮ್ಮ ಕ್ಯಾಂಟೀನಿನಲ್ಲಿ ಕೇಳಿ ನೋಡಿದೆ, ಹೆಚ್ಚಿನವರು ಕೊಟ್ಟ ಉತ್ತರ ಇದೇ. ಉತ್ತರ ಕೊಟ್ಟವರೆಲ್ಲ ಇಂಜಿನಿಯರುಗಳೇ, ಪಿಯುಸಿ ಭೌತಶಾಸ್ತ್ರದಲ್ಲಿ ತೊಂಬತ್ತರ ಮೇಲೆ ತೆಗೆದವರು!

ಸ್ವಲ್ಪ ಯೋಚಿಸಿ. ಒಂದು ಮೀಟರ್ ಒಣ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ಅಂಗೈ ಅಗಲದ ರಬ್ಬರು ಯಾವ ಲೆಕ್ಕ? ಟೈರೇ ಕಾಯೋದಾದರೆ ಬೈಕಿಗೂ ಟೈರ್ ಇದೆಯಲ್ಲ ಮಾರಾಯ್ರೇ :-) ಕಾಯೋದು ಕಾರಿನ ಲೋಹದ ಮೈ. ಕರೆಂಟು ತಗಡಿನ ಹೊರಮೈಯಲ್ಲೇ ಹರಿದು ನೆಲ ಸೇರುತ್ತೆ, ಒಳಗೆ ಕೂತವರ ತಂಟೆಗೆ ಬರಲ್ಲ.

ತಮಾಷೆ ಏನಂದ್ರೆ, "ವಾಹಕದ ಒಳಗೆ ವಿದ್ಯುತ್ ಕ್ಷೇತ್ರ ಸೊನ್ನೆ" ಅಂತ ಇವರೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವರೇ. ಆ ವಾಕ್ಯಕ್ಕೂ ಕಾರಿಗೂ ಸಂಬಂಧ ಇದೆ ಅಂತ ಯಾರೂ ಹೇಳಿಕೊಡಲಿಲ್ಲ, ಅಷ್ಟೇ. ನನ್ನ ತಕರಾರು ಇರೋದು ಇಲ್ಲೇ. ನಾವು ಕೂಲಂಬ್ ನಿಯಮವನ್ನು ಲೆಕ್ಕ ಮಾಡೋಕೆ ಕಲಿಸ್ತೀವಿ, ಕ್ಷೇತ್ರವನ್ನು ನೋಡೋಕೆ ಕಲಿಸಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಎರಡು ಚಾರ್ಜು, ನಡುವೆ ಇಷ್ಟು ದೂರ, ಸೂತ್ರಕ್ಕೆ ಹಾಕು, ಗುರುತು ಮಾಡು, ಮುಂದೆ ಹೋಗು. ದೂರ ಎರಡರಷ್ಟಾದರೆ ಬಲ ಕಾಲುಭಾಗ ಅಂತ ನಿದ್ದೆಯಲ್ಲೂ ಹೇಳ್ತೀವಿ. ಆದರೆ ಎರಡು ಚಾರ್ಜುಗಳ ನಡುವಿನ ಖಾಲಿ ಜಾಗದಲ್ಲಿ ಏನಿದೆ ಅಂತ ಕೇಳಿದರೆ ಮಿಕಮಿಕ.

ಕನ್ನಡ ಮೀಡಿಯಮ್ಮಿನಲ್ಲಿ ಓದಿದವರಿಗೆ ಇನ್ನೊಂದು ಕಷ್ಟ. ಚಾರ್ಜಿಗೆ ಪಠ್ಯಪುಸ್ತಕದಲ್ಲಿ 'ಆವೇಶ' ಅಂತಾರೆ. ಊರಲ್ಲಿ ಆವೇಶ ಅಂದ್ರೆ ದೇವರು ಮೈಮೇಲೆ ಬರೋದು! ಪದ ಕಲಿಸಿ ಚಿತ್ರ ಕೊಡದೇ ಹೋದರೆ ಹುಡುಗರು ಬಾಯಿಪಾಠ ಮಾಡದೆ ಇನ್ನೇನು ಮಾಡಿಯಾರು?

ಚಿತ್ರದಿಂದಲೇ ಈ ವಿಷಯವನ್ನು ಹಿಡಿದವನು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನು. ದೊಡ್ಡ ಗಣಿತ ಗೊತ್ತಿರಲಿಲ್ಲ. ಚಾರ್ಜಿನ ಸುತ್ತಲಿನ ಜಾಗವೇ ಬದಲಾಗಿದೆ, ಅಲ್ಲಿ ಬಲರೇಖೆಗಳಿವೆ ಅಂತ ಅವನು ಕಣ್ಣಿಗೆ ಕಟ್ಟಿಕೊಂಡ. 1836ರಲ್ಲಿ ಲೋಹ ಹೊದಿಸಿದ ಕೋಣೆಯಂಥ ಪೆಟ್ಟಿಗೆ ಕಟ್ಟಿಸಿ, ಹೊರಗಡೆ ಕಿಡಿ ಹಾರಿಸುವಾಗ ತಾನೇ ಒಳಗೆ ಹೋಗಿ ಕೂತ. ಒಳಗಿದ್ದ ಸೂಕ್ಷ್ಮ ಉಪಕರಣಗಳೂ ಅಲುಗಲಿಲ್ಲ. ಅವನ ಚಿತ್ರಕ್ಕೆ ಸಮೀಕರಣ ಬರೆದವನು ಆಮೇಲೆ ಬಂದ ಮ್ಯಾಕ್ಸ್‌ವೆಲ್. ಚಿತ್ರ ಮೊದಲು, ಸೂತ್ರ ಆಮೇಲೆ. ನಾವು ಮಾಡ್ತಿರೋದು ಉಲ್ಟಾ.

"ಇದೆಲ್ಲ ಯಾಕಪ್ಪಾ, ಕೆಲಸ ಸಿಕ್ಕಿದೆಯಲ್ಲ" ಅನ್ನಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,800ಕ್ಕೂ ಹೆಚ್ಚು. ನಮ್ಮ ಕಡೆಯೂ ಏಪ್ರಿಲ್-ಮೇ ಮಳೆ ಬಂತು ಅಂದ್ರೆ ಮರದ ಕೆಳಗೆ ನಿಂತ ರೈತ, ಕುರಿಗಾಹಿ ಬಲಿ ಅನ್ನೋ ಸುದ್ದಿ ಇದ್ದದ್ದೇ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೂ ಹಾರುತ್ತೆ, ನೆಲದಲ್ಲೂ ಹರಡುತ್ತೆ. ನೆಲದಲ್ಲಿ ಹರಡುವಾಗ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ಅಪಾಯ. ಮರದ ಕೆಳಗೆ ದನಗಳು ಒಟ್ಟೊಟ್ಟಿಗೆ ಸಾಯೋದಕ್ಕೆ ಇದೂ ಒಂದು ಕಾರಣ. ಮುಂಗಾಲಿಗೂ ಹಿಂಗಾಲಿಗೂ ಒಂದು ಮೀಟರಿಗಿಂತ ಹೆಚ್ಚು ದೂರ, ನಡುವೆ ಹೃದಯ. ಗುಡುಗು ಕೇಳಿದ ಕೂಡಲೇ ಗಟ್ಟಿ ಕಟ್ಟಡವನ್ನೋ ಮುಚ್ಚಿದ ಕಾರನ್ನೋ ಸೇರಬೇಕು. ಎರಡೂ ಇಲ್ಲದಿದ್ದರೆ ಮರದಿಂದ ದೂರ ಹೋಗಿ, ಪಾದ ಜೋಡಿಸಿ ಕುಕ್ಕುರುಗಾಲಲ್ಲಿ ಕೂರಬೇಕು. ಮಲಗಲೇಬಾರದು. ಇಷ್ಟೂ ಪಿಯುಸಿ ಪಾಠದೊಳಗೇ ಅಡಗಿದೆ, ಹೊರಗೆ ತೆಗೆದು ತೋರಿಸೋರು ಬೇಕು ಅಷ್ಟೇ.

ಲೆಕ್ಕ ಬೇಡ ಅಂತ ನಾನು ಹೇಳ್ತಿಲ್ಲ. ಲೆಕ್ಕ ಇಲ್ಲದೆ ಇಂಜಿನಿಯರಿಂಗ್ ಇಲ್ಲ. ಆದರೆ ಮೊದಲ ಪಾಠ ಅಡುಗೆಮನೆಯಲ್ಲಿ ಆಗಲಿ. ಸ್ಟೀಲ್ ತಟ್ಟೆಯಲ್ಲಿ ಕಾಗದದ ಚೂರು ಹಾಕಿ, ಒಣ ತಲೆಗೂದಲಲ್ಲಿ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆ ಹಿಡಿಯಿರಿ. ಚೂರುಗಳು ಕುಣೀತವೆ. ಈಗ ಲೋಹದ ಜರಡಿಯೊಂದನ್ನು ಅವುಗಳ ಮೇಲೆ ಕವುಚಿ, ಕೈಯಲ್ಲಿ ಹಿಡಿದುಕೊಂಡು, ಅಷ್ಟೇ ಎತ್ತರದಲ್ಲಿ ಬಾಚಣಿಗೆ ತನ್ನಿ. ಚೂರುಗಳು ಗಪ್‌ಚುಪ್! ಜರಡಿಯೇ ಕಾರು, ಚೂರುಗಳೇ ನಾವು. ಇದನ್ನು ನೋಡಿದ ಹುಡುಗಿ ಜನ್ಮದಲ್ಲಿ ಟೈರಿನ ಕಥೆ ಹೇಳಲ್ಲ.

ಬ್ಲಾಗಿಸುವ ಗೆಳೆಯರೇ, ಕವಿತೆ, ಪ್ರವಾಸ, ಸಿನಿಮಾ ನಡುವೆ ಒಮ್ಮೆ ಇಂಥದ್ದನ್ನೂ ಬರೀರಿ. ಸದ್ಯಕ್ಕೆ ಈ ಸಲದ ಮುಂಗಾರು ಪೂರ್ವ ಮಳೆಗೆ ಮುಂಚೆ ಊರಿಗೆ ಒಂದು ಫೋನ್ ಮಾಡಿ, ಮರದ ವಿಷಯ ಹೇಳಿಬಿಡಿ. ಜರಡಿ ಪ್ರಯೋಗ ಮಾಡಿದವರು ಏನಾಯ್ತು ಅಂತ ಕಾಮೆಂಟು ಹಾಕೋದು ಮರೀಬೇಡಿ :-)