ನಾಯಕತ್ವಕ್ಕೆ ಎರಡು ಕ್ರೆಡಿಟ್

ಮನೆಯಲ್ಲಿ ಈ ವರ್ಷ ಪದವಿಗೆ ಸೇರಿದ ಮಕ್ಕಳಿದ್ದರೆ ಅವರ ವೇಳಾಪಟ್ಟಿಯನ್ನು ಒಮ್ಮೆ ನೋಡಿ. ಭೌತಶಾಸ್ತ್ರವೋ ಅಕೌಂಟೆನ್ಸಿಯೋ ಇರುವ ಸಾಲಿನಲ್ಲೇ ಎಲ್ಲೋ 'ಲೀಡರ್‌ಶಿಪ್' ಎಂಬ ಪದವೂ ಕಂಡೀತು. ಕೆಲವು ಕಡೆ ಅದು ಇಂಡಕ್ಷನ್ ಕಾರ್ಯಕ್ರಮದ ಭಾಗ, ಕೆಲವು ಕಡೆ ಮೌಲ್ಯವರ್ಧಿತ ಕೋರ್ಸು, ಇನ್ನು ಕೆಲವು ಕಡೆ ಹೊರಗಿನ ತರಬೇತುದಾರರು ಬಂದು ನಡೆಸಿಕೊಡುವ ಶಿಬಿರ. ಯುಜಿಸಿ 2019ರಲ್ಲಿ ತಂದ 'ಜೀವನ ಕೌಶಲ' ಪಠ್ಯಕ್ರಮ ನಾಯಕತ್ವ ಮತ್ತು ನಿರ್ವಹಣಾ ಕೌಶಲಕ್ಕೆಂದು ಎರಡು ಕ್ರೆಡಿಟ್ ತೆಗೆದಿಟ್ಟಿತು. ಎರಡು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಯ ಪಾಠ.

ಆ 30 ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದು ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಹಳೆಯ ಪೇಪರು, ಸೆಲ್ಲೋಟೇಪು ಕೊಟ್ಟು ಗೋಪುರ ಕಟ್ಟಿಸುತ್ತಾರೆ. ಹಿಂದಕ್ಕೆ ಬೀಳು, ಗೆಳೆಯರು ಹಿಡಿಯುತ್ತಾರೆ ಎನ್ನುತ್ತಾರೆ. ನಾಲ್ಕು ಚೌಕ ಬರೆದು ನಿನ್ನ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ತುಂಬು ಎನ್ನುತ್ತಾರೆ. ಮ್ಯಾಸ್ಲೋನ ಪಿರಮಿಡ್ ಬರುತ್ತದೆ. ಕೊನೆಗೆ ಒಬ್ಬ ಮಹಾನುಭಾವರ ಮೇಲೆ ಹತ್ತು ಸ್ಲೈಡುಗಳ ಪಿಪಿಟಿ. ಪರೀಕ್ಷೆಯಲ್ಲಿ 'ಉತ್ತಮ ನಾಯಕನ ಐದು ಗುಣಗಳನ್ನು ಬರೆಯಿರಿ' ಎಂದು ಕೇಳಿದರೂ ಆಶ್ಚರ್ಯವಿಲ್ಲ.

ಗೋಪುರ ಕಟ್ಟುವುದರ ಬಗ್ಗೆ ನನಗೆ ತಕರಾರಿಲ್ಲ. ಹೊಸಬರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳಲು ಒಳ್ಳೆಯ ಆಟ. ತಕರಾರಿರುವುದು ಅದಕ್ಕೆ ನಾಯಕತ್ವ ಎಂದು ಹೆಸರಿಟ್ಟಿದ್ದಕ್ಕೆ. ಆ ಗೋಪುರ ಬಿದ್ದರೆ ಯಾರಿಗೂ ನಷ್ಟವಿಲ್ಲ. ಯಾರೂ ಎದ್ದು ನಿಂತು 'ಹೀಗೇಕೆ ಮಾಡಿದೆ' ಎಂದು ಕೇಳುವುದಿಲ್ಲ. ಯಾರ ದುಡ್ಡೂ ಅದರಲ್ಲಿಲ್ಲ. ಹದಿನೆಂಟರ ವಯಸ್ಸಿನವರಿಗೆ ನಾಯಕತ್ವದ ಪಾಠಕ್ಕಿಂತ ಹೆಚ್ಚಾಗಿ ಬೇಕಿರುವುದು ನಿಜವಾದ ಅಧಿಕಾರದ ಒಂದು ಚಿಕ್ಕ ಪಾಲು, ಮತ್ತು ಅದಕ್ಕೆ ಲೆಕ್ಕ ಒಪ್ಪಿಸುವ ಹೊಣೆ. ನಮ್ಮ ಕಾಲೇಜುಗಳು ಪಾಠವನ್ನು ಧಾರಾಳವಾಗಿ ಕೊಡುತ್ತವೆ, ಅಧಿಕಾರವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿವೆ. ಈಜು ಕಲಿಸುತ್ತೇವೆಂದು ಹೇಳಿ ಕೆರೆಗೆ ಬೇಲಿ ಹಾಕಿದ ಹಾಗೆ.

ಬೇಲಿ ಹಾಕಿದ್ದು ಯಾವಾಗ ಎಂದು ನೋಡಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ದೇಶದ ಸರ್ಕಾರವನ್ನೇ ಆರಿಸುವಷ್ಟು ಬುದ್ಧಿ ಹದಿನೆಂಟಕ್ಕೆ ಬಂದಿರುತ್ತದೆ ಎಂದು ಸಂವಿಧಾನ ಒಪ್ಪಿಕೊಂಡಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಮಹಾರಾಷ್ಟ್ರದಲ್ಲಿ ಅವು ತೊಂಬತ್ತರ ದಶಕದಲ್ಲಿ ನಿಂತವು. 2016ರ ವಿಶ್ವವಿದ್ಯಾಲಯ ಕಾಯಿದೆ ಮತ್ತೆ ಅವಕಾಶ ಕೊಟ್ಟ ಮೇಲೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ದೆಹಲಿ ವಿಶ್ವವಿದ್ಯಾಲಯ, ಜೆಎನ್‌ಯು, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಓದುಗರಿಗೆ ಮತಪೆಟ್ಟಿಗೆ ಪರಿಚಿತ. ಬೆಂಗಳೂರು, ಪುಣೆಗಳಲ್ಲಿ ಓದಿಸುತ್ತಿರುವವರಲ್ಲಿ ಹೆಚ್ಚಿನವರಿಗೆ ಅಲ್ಲ.

ಚುನಾವಣೆ ಎಂದ ಕೂಡಲೇ ಬರುವ ಆಕ್ಷೇಪ ನನಗೆ ಗೊತ್ತು. ಹೊಡೆದಾಟ, ಹಣ, ಜಾತಿ, ಪಕ್ಷಗಳ ಕೈವಾಡ. ಇದು ಸುಳ್ಳಲ್ಲ, ಈ ಕಾರಣಕ್ಕೆ ಜೀವಗಳೇ ಹೋಗಿವೆ. ಆದರೆ ಇದಕ್ಕೆ ಉತ್ತರವನ್ನೂ ದೇಶ ಒಮ್ಮೆ ಬರೆದಿಟ್ಟಿದೆ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿಯ ಶಿಫಾರಸುಗಳನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ತರಲು ಹೇಳಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಹಾಜರಿ ಶೇ. 75 ಇರಬೇಕು, ಶೈಕ್ಷಣಿಕ ವರ್ಷ ಶುರುವಾದ ಆರರಿಂದ ಎಂಟು ವಾರದೊಳಗೆ ಚುನಾವಣೆ ಮುಗಿಯಬೇಕು. ಕೊನೆಯ ನಿಯಮವನ್ನು ಗಮನಿಸಿ. ಕಾಲೇಜಿಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ಹೊಸ ವಿದ್ಯಾರ್ಥಿ ತನ್ನ ಪ್ರತಿನಿಧಿಯನ್ನು ತೂಗಿ ನೋಡಿ ಮತ ಹಾಕಿರಬೇಕು. ನಾಯಕರನ್ನು ಆರಿಸುವುದೂ ನಾಯಕತ್ವದ ಕಲಿಕೆಯೇ. ಆರಿಸಿದ್ದು ತಪ್ಪಾಯಿತು ಎಂದು ವರ್ಷವಿಡೀ ಪೇಚಾಡುವುದು ಅದರ ಎರಡನೇ ಪಾಠ.

ನಿಯಮ ಮುರಿಯುವವರು ಮುರಿಯುತ್ತಾರೆ, ನಿಜ. 2024ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಚುನಾವಣೆಯಲ್ಲಿ ಊರ ಗೋಡೆಗಳನ್ನೆಲ್ಲ ಪೋಸ್ಟರು, ಬಣ್ಣಗಳಿಂದ ಹಾಳು ಮಾಡಿದ್ದರು. ಅಲ್ಲಿನ ಹೈಕೋರ್ಟ್ ಮತ ಎಣಿಕೆಯನ್ನೇ ತಡೆಹಿಡಿದು, ಮೊದಲು ಗೋಡೆ ಸ್ವಚ್ಛವಾಗಲಿ ಎಂದಿತು. ಫಲಿತಾಂಶ ಬಂದದ್ದು ಸುಮಾರು ಎರಡು ತಿಂಗಳ ನಂತರ. ಗೆಲ್ಲುವ ಆತುರದಲ್ಲಿ ಮಾಡಿದ ಗಲೀಜನ್ನು ನೀವೇ ತೊಳೆಯಬೇಕು ಎಂಬ ಪಾಠವನ್ನು ಯಾವ ಪಿಪಿಟಿ ಇಷ್ಟು ಚೆನ್ನಾಗಿ ಕಲಿಸೀತು?

ಚುನಾವಣೆಯ ಮಾತು ದೊಡ್ಡದಾಯಿತು ಎನ್ನುವುದಾದರೆ ಅದನ್ನು ಬದಿಗಿಡೋಣ. ಈಗಿರುವ ನಿಯಮಗಳಲ್ಲೇ ವಿದ್ಯಾರ್ಥಿಗಳಿಗೆ ಮೀಸಲಾದ ಕುರ್ಚಿಗಳಿವೆ. 2009ರ ರ‍್ಯಾಗಿಂಗ್ ತಡೆ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯ ಸಮಿತಿಯಲ್ಲಿ ಹಿರಿಯ ವಿದ್ಯಾರ್ಥಿಗಳ ಜತೆ ಮೊದಲ ವರ್ಷದವರೂ ಇರಬೇಕು. ಲೈಂಗಿಕ ಕಿರುಕುಳದ ವಿರುದ್ಧ ಯುಜಿಸಿ 2015ರಲ್ಲಿ ತಂದ ನಿಯಮಗಳ ಪ್ರಕಾರ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರು ಬಂದಾಗ ಆಂತರಿಕ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳು ಕೂರಬೇಕು, ಅವರು ಪಾರದರ್ಶಕವಾದ ಪ್ರಜಾಸತ್ತಾತ್ಮಕ ವಿಧಾನದಲ್ಲಿ ಚುನಾಯಿತರಾಗಿರಬೇಕು. ನಿಮ್ಮ ಮಗಳ ಕಾಲೇಜಿನಲ್ಲಿ ಆ ಚುನಾವಣೆ ಯಾವ ದಿನ ನಡೆಯಿತು? ಅವಳಿಗೆ ಗೊತ್ತೇ ಎಂದು ಕೇಳಿ.

ಇದರ ಪಕ್ಕದಲ್ಲಿ 2023ರ ಕುಂದುಕೊರತೆ ನಿವಾರಣಾ ನಿಯಮಗಳನ್ನು ಇಡಿ. ಶುಲ್ಕ, ಅಂಕಪಟ್ಟಿ, ಪ್ರವೇಶ, ವಿದ್ಯಾರ್ಥಿವೇತನ ಹೀಗೆ ವಿದ್ಯಾರ್ಥಿಯ ಬದುಕಿಗೆ ತಟ್ಟುವ ದೂರುಗಳೆಲ್ಲ ಬರುವುದು ಈ ಸಮಿತಿಯ ಮುಂದೆ. ಇಲ್ಲಿ ಅಧ್ಯಕ್ಷರು, ಸದಸ್ಯರು ಅಧ್ಯಾಪಕರು. ವಿದ್ಯಾರ್ಥಿ ಒಬ್ಬನೇ, ಅವನೂ 'ವಿಶೇಷ ಆಹ್ವಾನಿತ'. ಓದು, ಆಟ ಅಥವಾ ಪಠ್ಯೇತರ ಚಟುವಟಿಕೆಯಲ್ಲಿನ ಸಾಧನೆ ನೋಡಿ ಅವನನ್ನು ನಾಮಕರಣ ಮಾಡುತ್ತಾರೆ. ಅಂದರೆ ಉಳಿದ ವಿದ್ಯಾರ್ಥಿಗಳು ಅವನನ್ನು ಕಳಿಸಿದ್ದಲ್ಲ. ಅವನು ಅವರಿಗೆ ಉತ್ತರ ಹೇಳಬೇಕಾಗಿಯೂ ಇಲ್ಲ. ಒಂದು ಕೈಯಲ್ಲಿ ನಾಯಕತ್ವದ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇನ್ನೊಂದು ಕೈಯಲ್ಲಿ ವಿದ್ಯಾರ್ಥಿಯನ್ನು ಅತಿಥಿಯ ಕುರ್ಚಿಯಲ್ಲಿ ಕೂರಿಸಿದೆ.

ಇನ್ನೊಂದು ವಾದವಿದೆ, ಅದನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಹಳ್ಳಿಯಿಂದ ಬಂದ, ಮನೆಯಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ಈ ತರಗತಿಗಳು ಧೈರ್ಯ ಕೊಡುತ್ತವೆ, ನಾಲ್ಕು ಜನರ ಮುಂದೆ ನಿಂತು ಮಾತಾಡಲು ಕಲಿಸುತ್ತವೆ ಎಂಬ ವಾದ. ಮಾತು ಕಲಿಸಿ, ಇಂಗ್ಲಿಷ್ ಕಲಿಸಿ, ಖಂಡಿತ ಬೇಕು. ಆದರೆ ಅದನ್ನು ಮಾತುಗಾರಿಕೆಯ ತರಗತಿ ಎಂದೇ ಕರೆಯಿರಿ. ನಿರರ್ಗಳ ಇಂಗ್ಲಿಷಿನ ಪಿಪಿಟಿಗೆ ನಾಯಕತ್ವದ ಅಂಕ ಕೊಟ್ಟರೆ, ಕನ್ನಡ ಮಾಧ್ಯಮದಿಂದಲೋ ಮರಾಠಿ, ತೆಲುಗು, ತಮಿಳು ಮಾಧ್ಯಮದಿಂದಲೋ ಬಂದ ಹುಡುಗಿ ಮೊದಲ ಸೆಮಿಸ್ಟರಿನಲ್ಲೇ ಕಲಿಯುವುದು ಒಂದನ್ನೇ: ನಾಯಕರು ಬೇರೆಯವರು, ನಾನಲ್ಲ. ಅಪ್ಪ ಊರಲ್ಲಿಲ್ಲದಾಗ ಮನೆ ನಡೆಸಿದವಳು, ಹಾಲಿನ ಸೊಸೈಟಿಯಲ್ಲಿ ಲೆಕ್ಕ ತಪ್ಪಾದಾಗ ಜಗಳವಾಡಿ ಸರಿಪಡಿಸಿಕೊಂಡು ಬಂದವಳು ಅವಳು. ಅದಕ್ಕೆ ಆ ನಾಲ್ಕು ಚೌಕಗಳಲ್ಲಿ ಜಾಗ ಸಿಗುವುದು ಕಷ್ಟ.

ಹೊರನಾಡಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಬಂದವರು. ಅವರಿಗೆ ಯಾರೂ ನಾಯಕತ್ವದ ತರಗತಿ ತೆಗೆದುಕೊಳ್ಳಲಿಲ್ಲ. ಆದರೂ ಆ ನಗರದ ಕನ್ನಡ ಸಂಘಗಳನ್ನು ಕಟ್ಟಿ ನಿಲ್ಲಿಸಿದವರಲ್ಲಿ ಅನೇಕರು ಅಲ್ಲಿಂದ ಬಂದರು. ಸಂಘದ ಕೆಲಸ ಮಾಡಿದ ಯಾರನ್ನೇ ಕೇಳಿ, ಅವರು ಕಲಿತದ್ದು ವಂತಿಗೆ ಎತ್ತುವಾಗ, ರಸೀದಿ ಹರಿಯುವಾಗ, ಒಲ್ಲೆ ಎಂದವರ ಮನೆಗೆ ಎರಡನೇ ಸಲ ಹೋಗುವಾಗ. ಎಲ್ಲಕ್ಕಿಂತ ಹೆಚ್ಚಾಗಿ ವಾರ್ಷಿಕ ಮಹಾಸಭೆಯಲ್ಲಿ, ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು 'ಶಾಮಿಯಾನಕ್ಕೆ ಇಷ್ಟೇಕೆ ಆಯಿತು?' ಎಂದು ಕೇಳಿದಾಗ.

ಹಾಗಾದರೆ ಆ 30 ಗಂಟೆಯನ್ನು ಏನು ಮಾಡುವುದು? ಹಾಸ್ಟೆಲ್ ಮೆಸ್ಸಿನ ತಿಂಗಳ ಲೆಕ್ಕವನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. ಅಕ್ಕಿ, ಗ್ಯಾಸು, ತರಕಾರಿಯ ಬಿಲ್ಲು ನೋಡಿ ಊಟದ ಪಟ್ಟಿ ಅವರೇ ನಿರ್ಧರಿಸಲಿ. ಸಾರು ನೀರಾದರೆ ಗೆಳೆಯರ ಬೈಗುಳವನ್ನೂ ಅವರೇ ತಿನ್ನಲಿ. ಸಭೆ ಕರೆಯುವುದು, ನಡಾವಳಿ ಬರೆಯುವುದು, ವಿರೋಧಿಸಿದವರ ಮಾತನ್ನೂ ಅದರಲ್ಲಿ ದಾಖಲಿಸುವುದು ಹೇಗೆಂದು ಕಲಿಸಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಒಂದು ಅರ್ಜಿ ಬರೆಸಿ, 30 ದಿನ ಕಾಯಿಸಿ, ಬಂದ ಉತ್ತರವನ್ನು ತರಗತಿಯಲ್ಲಿ ಓದಿಸಿ. ಕಾಲೇಜು ಉತ್ಸವದ ಖರ್ಚಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿ. ತರಗತಿಯ ಪ್ರತಿನಿಧಿಯನ್ನು ಅಧ್ಯಾಪಕರು ಬೆರಳು ತೋರಿಸಿ ಆರಿಸುವ ಬದಲು ಗುಪ್ತ ಮತದಾನ ನಡೆಯಲಿ. ಇದಕ್ಕೆ ಹೊರಗಿನ ತರಬೇತುದಾರರು ಬೇಡ. ಕೈಯಲ್ಲಿರುವುದನ್ನು ಸ್ವಲ್ಪ ಬಿಟ್ಟುಕೊಡುವ ಮನಸ್ಸು ಬೇಕು, ಅಷ್ಟೆ.

ತೊಡಕು ಇರುವುದೂ ಅಲ್ಲೇ. ಲೆಕ್ಕ ಕೇಳಲು ಕಲಿತ ವಿದ್ಯಾರ್ಥಿ ಮೆಸ್ಸಿನ ಲೆಕ್ಕಕ್ಕೆ ನಿಲ್ಲುವುದಿಲ್ಲ, ನಾಳೆ 'ಅಭಿವೃದ್ಧಿ ಶುಲ್ಕ' ಎಲ್ಲಿ ಹೋಯಿತು ಎಂದೂ ಕೇಳುತ್ತಾಳೆ. ಪೇಪರಿನ ಗೋಪುರ ಕಟ್ಟಿದವಳು ಅದನ್ನು ಕೇಳುವುದಿಲ್ಲ. ಹಾಗಾಗಿ ಗೋಪುರದ ಕೋರ್ಸು ಆಡಳಿತ ಮಂಡಳಿಗಳಿಗೆ ಹಿತವಾಗಿದೆ ಎಂದರೆ ಅತಿಯಾಯಿತೇ?

ಶುಲ್ಕ ಕಟ್ಟುವ ನಾವು ಸುಮ್ಮನಿರಬೇಕಾಗಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಪ್ಲೇಸ್‌ಮೆಂಟಿನ ಪ್ರಶ್ನೆಯ ಜತೆಗೆ ಇನ್ನು ಮೂರನ್ನು ಕೇಳಿ. ಇಲ್ಲಿ ವಿದ್ಯಾರ್ಥಿಗಳು ಚುನಾಯಿಸಿದ ಪ್ರತಿನಿಧಿಗಳು ಯಾರಾದರೂ ಇದ್ದಾರೆಯೇ? ಅವರು ಕೂರುವ ಸಮಿತಿ ಕಳೆದ ವರ್ಷ ಎಷ್ಟು ಬಾರಿ ಸೇರಿತು? ಅದರ ನಡಾವಳಿಯನ್ನು ನನ್ನ ಮಗಳು ಓದಬಹುದೇ? ಮೂರಕ್ಕೂ ಉತ್ತರ ಸಿಗದಿದ್ದರೆ, ಆ ಎರಡು ಕ್ರೆಡಿಟ್ ಯಾವುದಕ್ಕೆ ಎಂದು ನಾಲ್ಕನೆಯದಾಗಿ ಕೇಳಿ.