ಹತ್ತನೆಯವನು

ಮೊನ್ನೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚಪ್ಪಲಿ ಕೊಳ್ಳುವಾಗ ಅಂಗಡಿಯ ಹುಡುಗ ಮೊಣಕಾಲೂರಿ ಕೂತು, ನನ್ನ ಹೆಬ್ಬೆರಳಿನ ಮುಂದೆ ಎಷ್ಟು ಜಾಗ ಉಳಿದಿದೆಯೆಂದು ಒತ್ತಿ ನೋಡಿದ. ಮಾತು ಅರ್ಧ ಕನ್ನಡ, ಅರ್ಧ ದಖನಿ. ನೂರು ವರ್ಷದ ಕೆಳಗೆ ಇದೇ ಬೀದಿಯಲ್ಲಿ ರೂಬಿನ್ ಮೋಸೆಸ್ ಎಂಬ ಬಾಗ್ದಾದ್ ಮೂಲದ ಯೆಹೂದಿಯ ಬೂಟಿನ ಅಂಗಡಿ ಹೆಸರಾಗಿತ್ತು. ಅಂಗಡಿ ಹೋಯಿತು. ಮೈಸೂರು ರಸ್ತೆಯಲ್ಲಿ ಯೆಹೂದಿಗಳ ಸ್ಮಶಾನ ಮಾತ್ರ ಉಳಿದಿದೆ. 1904ರಲ್ಲಿ ಅದಕ್ಕೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಯೆಹೂದಿಗಳು ಗೋರಿಯ ಮೇಲೆ ಹೂವಿಡುವ ಬದಲು ಒಂದು ಸಣ್ಣ ಕಲ್ಲಿಟ್ಟು ಬರುತ್ತಾರೆ.

ಅವರ ಪದ್ಧತಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕದ್ದೀಶ್. ತಂದೆ ತೀರಿಕೊಂಡರೆ ಮಗ ಹನ್ನೊಂದು ತಿಂಗಳು ಹೇಳುವ ಪ್ರಾರ್ಥನೆ. ಸೋಜಿಗವೆಂದರೆ ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ. ಮನೆಯ ಮೂಲೆಯಲ್ಲಿ ಒಬ್ಬನೇ ಕೂತು ಹೇಳುವಂತೆಯೂ ಇಲ್ಲ, ಹತ್ತು ಮಂದಿ ಸೇರಬೇಕು. ಆ ಹತ್ತಕ್ಕೆ ಮಿನ್ಯಾನ್ ಎಂದು ಹೆಸರು. (ಹಳೆಯ ಪದ್ಧತಿಯಲ್ಲಿ ಹತ್ತೂ ಗಂಡಸರೇ ಆಗಬೇಕು. ನನಗೆ ಒಪ್ಪಿಗೆಯಿಲ್ಲ, ಈಗ ಅವರಲ್ಲೇ ಎಷ್ಟೋ ಜನಕ್ಕೆ ಇಲ್ಲ.) ಬೆಂಗಳೂರಿನ ದಂಡಿನಂಥ (ಕಂಟೋನ್ಮೆಂಟಿನಂಥ) ಜಾಗದಲ್ಲಿ ಹತ್ತನೆಯವನನ್ನು ಎಲ್ಲಿಂದ ತರುವುದು? ಬಾಗ್ದಾದಿನ ವ್ಯಾಪಾರಿ, ಮರಾಠಿ ಆಡುವ ಬೆನೆ ಇಸ್ರೇಲಿ ಯೆಹೂದಿ, ಹಿಟ್ಲರನ ಕಾಲಕ್ಕೆ ಯುರೋಪು ಬಿಟ್ಟು ಬಂದವನು. ಮನೆಮಾತು ಬೇರೆ, ಅಡುಗೆ ಬೇರೆ. ಹತ್ತು ತುಂಬಬೇಕಾದರೆ ಇವರೇ ಸೇರಬೇಕು. ಶಾಸ್ತ್ರ ಬಿಡದವನನ್ನು ಆ ಶಾಸ್ತ್ರವೇ ಪರಿಚಯವಿಲ್ಲದವನ ಬಾಗಿಲಿಗೆ ಕಳಿಸುತ್ತದೆ.

ಯೆಹೂದಿಯಲ್ಲದವರ ಲೆಕ್ಕ ಬೇರೆ. ಯೆಹೂದಿಗಳಿಗೆ 613 ವಿಧಿಗಳು; ಉಳಿದವರಿಗೆ ಬೈಬಲಿನ ನೋಹನ ಹೆಸರಿನ ಏಳು ಸಾಕು. ಕೊಲ್ಲಬೇಡ, ಕದಿಯಬೇಡ, ನ್ಯಾಯಸ್ಥಾನ ಇಟ್ಟುಕೋ, ಹೀಗೆ. ಅಷ್ಟು ನಡೆಸಿದ ಸಜ್ಜನನಿಗೆ ಪರಲೋಕದಲ್ಲಿ ಪಾಲುಂಟು, ಅದಕ್ಕಾಗಿ ಅವನು ಯೆಹೂದಿಯಾಗಬೇಕಿಲ್ಲ ಎಂಬುದು ರಬ್ಬಿಗಳ ನಿಲುವು. ಏಳರಲ್ಲಿ ವಿಗ್ರಹಾರಾಧನೆ ಬೇಡವೆಂಬುದೂ ಒಂದು. ನಮ್ಮ ಹಲಸೂರು ಸೋಮೇಶ್ವರನ ಭಕ್ತರ ಗತಿ ಏನೋ! ಆದರೂ 'ನೀನೂ ನನ್ನಂತಾಗು' ಎಂದು ಬೆನ್ನು ಹತ್ತದ ಧರ್ಮದ ಮೇಲೆ ನನಗೆ ಗೌರವ. 'ಹೊರಗಿನವರು' ಎಂಬ ಜಗಳ ಬೆಂಗಳೂರಿನಲ್ಲಿ ಎದ್ದಾಗಲೆಲ್ಲ ಇದು ನೆನಪಾಗುತ್ತದೆ. ತನ್ನದನ್ನು ಗಟ್ಟಿಯಾಗಿ ಹಿಡಿದವನಿಗೆ ಪಕ್ಕದವನು ಬೇರೆಯಾಗಿದ್ದರೆ ಅಷ್ಟೊಂದು ದಿಗಿಲಾಗಲಿಕ್ಕಿಲ್ಲ.

ಹಾಗೆ ತಮ್ಮದನ್ನು ಹಿಡಿದೇ ನೆರೆಯವರೊಡನೆ ಬಾಳಿದವರೂ ಉಂಟು. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲಿಗಳು ಗಾಣದವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಊರಿನವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು, ಅಂದರೆ ಶನಿವಾರದ ಗಾಣಿಗರು. ಬೇಕಾದ ಎಣ್ಣೆಯನ್ನು ಶುಕ್ರವಾರವೇ ತಂದಿಟ್ಟುಕೊಳ್ಳುತ್ತಿದ್ದಿರಬೇಕು.